ಕೆಂಪಾಜಕ್ಕ ಚೆಲ್ಲಿದ ಕಟ್ಟು

ನಮ್ಮ ಮಾಂಬಳ್ಳಿಯಲ್ಲಿ ಅಂಗಡಿಯವನ ಹಂಗಿಲ್ಲದೆ ಸಂಸಾರ ಮಾಡಿದ ಹೆಂಗಸು ಯಾರಾದರೂ ಇದ್ದರೆ ಅದು ನನ್ನ ಪಕ್ಕದ ಮನೆಯ ಕೆಂಪಾಜಕ್ಕ. ಉಪ್ಪು, ಎಣ್ಣೆ, ಬೆಲ್ಲ, ಸಾಂಬಾರ ಸಾಮಾನು ಬಿಟ್ಟರೆ ಅವಳು ಅಂಗಡಿಯಿಂದ ಬೇರೇನನ್ನಾದರೂ ತಂದದ್ದನ್ನು ನಾನು ಕಂಡಿಲ್ಲ. ರಾಗಿ ಅವರದೇ ತುಂಡು ಹೊಲದ್ದು. ಅವರೆ, ಅಲಸಂದೆ, ತೊಗರಿ, ಹುರುಳಿ ಎಲ್ಲವೂ ಅದರಲ್ಲೇ ಹಿಡಿಹಿಡಿ ಬರಬೇಕು. ಹಿತ್ತಿಲಲ್ಲಿ ಒಂದು ನುಗ್ಗೆಮರ. ಮಿಕ್ಕಿದ್ದೆಲ್ಲ ಊರಿನ ಹೊಲಗಳದು. ಬೆಳಗ್ಗೆ ಎದ್ದು ಮಡಿಲು ಕಟ್ಟಿಕೊಂಡು ಹೊರಟರೆ ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನ್ನೆ, ಗಣಿಕೆ, ಕೀರೆ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಚಿವುಟಿ, ಬೆರಕೆಸೊಪ್ಪು ಮಾಡಿಕೊಂಡು ಬರುತ್ತಿದ್ದಳು. ಸೊಪ್ಪು ಕೀಳಲು ಬಂದ ಹೆಂಗಸನ್ನು ಯಾಕೆ ನನ್ನ ಹೊಲಕ್ಕೆ ಇಳಿದೆ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ.

ನಾನು ಲಕ್ಷ್ಮಿದೇವಿ, ಜಗಲಿಯ ಮೇಲೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುವವಳು. ನನ್ನ ಬಾಯಿ ಸ್ವಲ್ಪ ಜೋರು ಎಂದು ಊರೇ ಹೇಳುತ್ತದೆ, ಹೇಳಿಕೊಳ್ಳಲಿ. ಆದರೆ ನನ್ನ ಬಾಯಿ ಮುಚ್ಚಿಸುವವಳು ಒಬ್ಬಳಿದ್ದಳು. ಹಬ್ಬದ ಹೊಲಿಗೆ ಕೆಲಸ ಮೈಮೇಲೆ ಬಿದ್ದಾಗ ಅಡುಗೆಗೆ ಪುರುಸೊತ್ತಿಲ್ಲದೆ ನಾನು ಮಕ್ಕಳಿಗೆ ಪಾಕೆಟ್ ನೂಡಲ್ಸ್ ಬೇಯಿಸಿ ಹಾಕಿದರೆ, ಗೋಡೆಯ ಆಚೆಯಿಂದಲೇ ಅವಳಿಗೆ ವಾಸನೆ ತಿಳಿಯುತ್ತಿತ್ತು.

"ಏನಮ್ಮಿ ಲಕ್ಷ್ಮಿ, ದಾರ ಬೇಯ್ಸಿ ಮಕ್ಳಿಗೆ ಆಕ್ತಿದ್ದೀಯಾ? ನೀ ಬಟ್ಟೆ ಒಲಿತೀಯ ಅಂತ ನಿನ್ ಮಕ್ಳೂ ದಾರ ತಿನ್ಬೇಕಾ?"

"ನಿನಗೇನಕ್ಕ, ಬಿಡುವಾಗಿದ್ದೀಯ" ಎಂದು ನಾನೂ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಅವಳು ಬಟ್ಟಲಲ್ಲಿ ಸಾರು ಹಿಡಿದುಕೊಂಡು ಜಗಲಿಗೆ ಬಂದಿರುತ್ತಿದ್ದಳು. ಅವಳ ಮನೆಯಲ್ಲಿ ಬಸ್ಸಾರು ಆದ ದಿನ ನನಗೊಂದು ಬಟ್ಟಲು ತಪ್ಪುತ್ತಿರಲಿಲ್ಲ. ಬಸ್ಸಾರು ಎಂದರೆ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ನೀರು ಬಸಿಯುತ್ತೇವೆ. ಬಸಿದ ಸೊಪ್ಪು ಪಲ್ಯಕ್ಕೆ. ಬಸಿದ ನೀರಿಗೆ ಕಟ್ಟು ಎನ್ನುತ್ತೇವೆ. ಆ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಒಂದು ಹಿಡಿ ಬೆಂದ ಕಾಳು ಅರೆದು ಹಾಕಿ ಕುದಿಸಿದರೆ ಸಾರು. ಸಾರವೆಲ್ಲ ಆ ನೀರಿನಲ್ಲೇ ಇರುತ್ತದೆ ಎಂದು ಅಜ್ಜಿಯರು ಹೇಳಿಕೊಟ್ಟಿದ್ದಾರೆ. ಕಟ್ಟು ಚೆಲ್ಲುವ ಹೆಂಗಸು ಮನೆ ತೊಳೆದು ಹಾಳುಮಾಡುವವಳು ಎಂದು ನಮ್ಮಲ್ಲಿ ಬೈಯುತ್ತಾರೆ.

ಅಕ್ಕನ ಗಂಡ ಶಿವನಂಜಣ್ಣ ಗಾರೆ ಕೆಲಸದವನು. ಯಳಂದೂರು, ಕೊಳ್ಳೇಗಾಲದ ಕಡೆಯೆಲ್ಲ ಅವನು ಗೋಡೆ ಎಬ್ಬಿಸಿದ ಮನೆಗಳಿವೆ. ಕೂಲಿ ಇದ್ದ ದಿನ ಇತ್ತು, ಇಲ್ಲದ ದಿನ ಇಲ್ಲ. ಕೈಯಲ್ಲಿ ದುಡ್ಡು ಓಡಾಡಿದ್ದು ಕಡಿಮೆ. ಆದರೆ ಹಸಿದ ಹೊಟ್ಟೆಯಲ್ಲಿ ಆ ಮನೆಯಲ್ಲಿ ಯಾರೂ ಮಲಗಲಿಲ್ಲ. ಮಗಳು ಸಿಂಧುವನ್ನು ಸಾಕಿ ಓದಿಸಿ ಹನೂರಿಗೆ ಮದುವೆ ಮಾಡಿಕೊಟ್ಟದ್ದೂ ಈ ಸೊಪ್ಪು ಕಾಳಿನ ಮೇಲೆಯೇ. ಮಿಕ್ಕ ಗಾರೆಯವರು ಹೋಟೆಲಿನ ಬನ್ನು, ಟೀಯಲ್ಲಿ ಮಧ್ಯಾಹ್ನ ಕಳೆದರೆ ಶಿವನಂಜಣ್ಣ ಮರದ ನೆರಳಲ್ಲಿ ಡಬ್ಬಿ ಬಿಚ್ಚಿ, ಮುದ್ದೆ ಮುರಿದು ಕಟ್ಟಿನ ಸಾರಿಗೆ ಅದ್ದಿ ನುಂಗುತ್ತಿದ್ದ. "ನನ್ ಎಂಡ್ರು ಕೈಲಿ ಉಂಡೋನು ಆಸ್ಪತ್ರೆ ಮೆಟ್ಲು ಅತ್ತಕ್ಕಿಲ್ಲ ಕಣ್ಲಾ" ಎಂದು ಜೊತೆಯವರ ಮುಂದೆ ಹೇಳಿಕೊಂಡದ್ದು ತಿರುಗಿ ಅಕ್ಕನ ಕಿವಿಗೂ ಬಿದ್ದು, ಅವತ್ತೆಲ್ಲ ಅವಳು ಸೊಪ್ಪು ಸೋಸುತ್ತಾ ಒಬ್ಬಳೇ ನಗುತ್ತಿದ್ದಳು.

ಆದರೆ ಗಾರೆಯವನ ಸೊಂಟ ಎಷ್ಟು ವರ್ಷ ತಡೆದೀತು? ಇಟ್ಟಿಗೆ ಹೊತ್ತು ಬಗ್ಗಿ ಎದ್ದು ಬೆನ್ನು ಹಿಡಿದುಕೊಂಡಿತು. ಮೆಡಿಕಲ್ ಅಂಗಡಿಯಲ್ಲಿ ಯಾರೋ ಕೊಟ್ಟ ನೋವಿನ ಮಾತ್ರೆ ನುಂಗಿದ, ನೋವು ನಿಂತಿತು. ಮಾರನೆಯ ದಿನ ಕೆಲಸಕ್ಕೆ ಹೋಗಬೇಕಲ್ಲ, ಇನ್ನೊಂದು ನುಂಗಿದ. ಹೀಗೆ ವರ್ಷಗಟ್ಟಲೆ ದಿನಾ ಬೆಳಗ್ಗೆ ಮಾತ್ರೆ. ಅಕ್ಕನಿಗೆ ಅದು ಗೊತ್ತಿತ್ತು, ಆದರೆ ಔಷಧಿ ಅಲ್ಲವೇ ಎಂದು ಸುಮ್ಮನಿದ್ದಳು. ಅವಳ ಅನುಮಾನವೆಲ್ಲ ಪಾಕೆಟ್ ತಿಂಡಿಯ ಮೇಲೆ. ಮಾತ್ರೆಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಕಾಲು ಊದಿ, ಮುಖ ಬಾತು, ಉಸಿರು ಕಟ್ಟಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದಾಗ ಎರಡು ಕಿಡ್ನಿಯೂ ಹೋಗಿದ್ದವು.

ಅವತ್ತು ಸಂಜೆ ಅಕ್ಕ ನನ್ನ ಜಗಲಿಗೆ ಬಂದು ಕೂತಳು. ಅಳಲಿಲ್ಲ. ಅವಳಿಗೆ ನಾಚಿಕೆ ಆಗಿತ್ತು. ಕೇಳಿ, ಗಂಡನಿಗೆ ಕಾಯಿಲೆ ಬಂದರೆ ಹೆಂಡತಿಗೆ ನಾಚಿಕೆ!

"ನಾ ಏನ್ ಕಮ್ಮಿ ಮಾಡಿದ್ದೆ ಅಮ್ಮಿ? ಒಂದ್ ದಿನ ತಂಗ್ಳು ಆಕಿಲ್ಲ, ಒಂದ್ ದಿನ ಒಟೇಲಿಂದು ತಿನ್ನಿಸಿಲ್ಲ. ಊರೋರು ಏನಂತಾರೆ? ಇವ್ಳು ಬರೀ ಸೊಪ್ಪು ಬೇಯ್ಸಿ ಬೇಯ್ಸಿ ಗಂಡನ್ನ ಇಂಗೆ ಮಾಡುದ್ಲು ಅನ್ನಲ್ವಾ?"

"ಯಾವಳು ಅಂತಾಳೆ ಬರಲಿ, ನಾಲಿಗೆಗೆ ಸೂಜಿ ಹಾಕ್ತೀನಿ" ಅಂದೆ. ಅಂದವರು ಇದ್ದರು. ಬೀದಿ ನಲ್ಲಿಯ ಹತ್ತಿರ ಒಬ್ಬಳಿಗೆ ನಾನು ಬಿಡಿಸಿ ಹೇಳಿದ ಮೇಲೆ ಆ ಮಾತು ನಿಂತಿತು. ಅಕ್ಕನ ಮನಸ್ಸಿನೊಳಗೆ ನಿಲ್ಲಲಿಲ್ಲ.

ಕೊಳ್ಳೇಗಾಲದಲ್ಲಿ ಯಾವುದೋ ಟ್ರಸ್ಟಿನವರು ಬಡವರಿಗೆ ಪುಕ್ಕಟೆ ಡಯಾಲಿಸಿಸ್ ಮಾಡುತ್ತಾರೆ. ದಿನ ಬಿಟ್ಟು ದಿನ ಬೆಳಗಿನ ಬಸ್ಸಿಗೆ ಗಂಡಹೆಂಡತಿ ಹೊರಡತೊಡಗಿದರು. ಅಕ್ಕನಿಗೆ ಬಸ್ಸು ಫ್ರೀ, ಅಣ್ಣನಿಗೆ ಟಿಕೆಟ್ಟು. "ನಿಂಗೇ ಕಾಯ್ಲೆ ಬರ್ಬಾರ್ದಿತ್ತಾ, ಟಿಕೆಟ್ ಉಳೀತಿತ್ತು" ಎಂದು ಅವನು ತಮಾಷೆ ಮಾಡಿದ. ಅವಳು, "ಆ ದೇವ್ರು ಅಂಗಾದ್ರೂ ಮಾಡ್ಲಿ" ಅಂದಳು. ಅವಳು ತಮಾಷೆಗೆ ಹೇಳಿದ್ದಲ್ಲ.

ಅಲ್ಲಿಯ ಡಾಕ್ಟರು ಊಟದ ವಿಚಾರ ಹೇಳಿದಾಗ ಅಕ್ಕನ ತಲೆ ಕೆಟ್ಟುಹೋಯಿತು. ಮನೆಗೆ ಬಂದವಳೇ ನನ್ನ ಮಿಷನ್ ನಿಲ್ಲಿಸಿ ಒಂದೊಂದನ್ನೇ ಒಪ್ಪಿಸಿದಳು. ರಾಗಿ ಬೇಡವಂತೆ. ಹುರುಳಿ, ಅವರೆ, ತೊಗರಿ ಬೇಡವಂತೆ. ನುಗ್ಗೆಸೊಪ್ಪು ಮುಟ್ಟಲೇಬಾರದಂತೆ. ಎಳನೀರು, ಬಾಳೆಹಣ್ಣು ವಿಷವಂತೆ. ಉಪ್ಪು ಬೇಡ, ನೀರು ಲೋಟದಲ್ಲಿ ಅಳೆದು ಕೊಡಬೇಕು. ಮತ್ತೆ ತಿನ್ನುವುದೇನು? ಬಿಳಿ ಅನ್ನ, ರವೆ ಉಪ್ಪಿಟ್ಟು, ಬೇಕಾದರೆ ಬಿಳಿ ಬ್ರೆಡ್ಡು.

"ಬ್ರೆಡ್ಡಂತೆ ಅಮ್ಮಿ! ಸೊಸೈಟಿ ಅಕ್ಕೀನ ನಾ ಕೋಳಿಗೆ ಆಕ್ತಿದ್ದೆ. ಅದ್ನ ನಿಮ್ಮಣ್ಣಂಗೆ ಆಕ್ಬೇಕಂತೆ. ನಲ್ವತ್ತು ವರ್ಷದಿಂದ ನಾ ಮಾಡಿದ್ದೆಲ್ಲ ವಿಷ, ಅಂಗಡಿದು ಅಮೃತ. ಎಂಥಾ ಕಾಲ ಬಂತು ನೋಡು."

ನನಗೂ ರೇಗಿತು. ರಾಗಿ ತಿನ್ನಬೇಡಿ ಎನ್ನುವ ಡಾಕ್ಟರನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ರಾಗಿಯನ್ನೇ ತಿನ್ನಿ ಅನ್ನುತ್ತಾರೆ, ಇವರಿಗೆ ಬೇಡ ಅನ್ನುತ್ತಾರೆ. ಆದರೆ ಕಿಡ್ನಿ ಹೋದ ಮೈಯಿಂದ ಸೊಪ್ಪು ಕಾಳಿನ ಸತ್ವ ಹೊರಗೆ ಹೋಗಲಾರದೆ ರಕ್ತದಲ್ಲಿ ನಿಂತು, ಎದೆ ಬಡಿತವನ್ನೇ ನಿಲ್ಲಿಸಿಬಿಡುತ್ತದಂತೆ. ಅಲ್ಲಿಯ ನರ್ಸ್, ಸಿಸ್ಟರ್ ಭವ್ಯಶ್ರೀ, ಕೊಳ್ಳೇಗಾಲದ ಹತ್ತಿರದ ಹುಡುಗಿಯೇ, ಅಕ್ಕನನ್ನು ಪಕ್ಕ ಕೂರಿಸಿಕೊಂಡು ತಾಳ್ಮೆಯಿಂದ ಹೀಗೆ ಬಿಡಿಸಿ ಹೇಳಿದ್ದಳು. ಅಕ್ಕ ಅವಳನ್ನು ಬಿಡಲಿಲ್ಲ. ಬಾಯಿಗೆ ರುಚಿ ಅಂತ ಏನೂ ಬೇಡವಾ ತಾಯಿ, ಒಂದು ಎಸಳು ಸೊಪ್ಪೂ ಬೇಡವಾ ಎಂದು ಬೇಡಿಕೊಂಡಳಂತೆ. ಆಗ ಆ ಹುಡುಗಿ, ಆಗೊಮ್ಮೆ ಈಗೊಮ್ಮೆ ಸ್ವಲ್ಪ ಕೊಡಿ, ಆದರೆ ಚೆನ್ನಾಗಿ ಬೇಯಿಸಿ, ನೀರು ಬಸಿದು ಕೊಡಿ ಅಂದಳಂತೆ.

ಇದನ್ನು ಹೇಳುವಾಗ ಅಕ್ಕನ ಮುಖ ಅರಳಿತ್ತು. ಅಷ್ಟು ದಿನದ ಮೇಲೆ ಅವಳ ಮುಖದಲ್ಲಿ ಕಳೆ ನೋಡಿದ್ದು ನಾನು ಅವತ್ತೇ.

"ಬಸ್ದು ಕೊಡಿ ಅಂದ್ರು ಕಣಮ್ಮಿ. ನಾವ್ ದಿನಾ ಮಾಡೋದೇ ಅದಲ್ವಾ!"

"ಅದೇ ಮತ್ತೆ. ಅಷ್ಟಾದರೂ ಬಿಟ್ಟರಲ್ಲ" ಎಂದು ನಾನೂ ಖುಷಿಪಟ್ಟೆ.

ಅವತ್ತಿನಿಂದ ಅವಳು ಮಾಡಿದ ಪಥ್ಯವನ್ನು ಕಣ್ಣಾರೆ ನೋಡಿದ್ದೇನೆ. ಮುದ್ದೆ ಕೋಲನ್ನು ತೊಳೆದು ಅಟ್ಟದ ಮೇಲಿಟ್ಟಳು. ಕಾಳಿನ ಮಡಕೆಗಳ ಬಾಯಿ ಕಟ್ಟಿದಳು. ಸೊಸೈಟಿ ಅಕ್ಕಿಯ ಅನ್ನ ಬೆಂದ ಮೇಲೆ ಗಂಜಿ ಬಸಿದಳು. ನೀರಿನ ಲೋಟಕ್ಕೆ ಉಗುರುಬಣ್ಣದಲ್ಲಿ ಗೆರೆ ಎಳೆದುಕೊಡು ಎಂದು ನನ್ನ ಮಗಳ ಹತ್ತಿರ ಬಂದಳು. ವಾರದಲ್ಲಿ ಒಂದೋ ಎರಡೋ ಸಲ ಸ್ವಲ್ಪ ಸೊಪ್ಪು ತಂದು ಚೆನ್ನಾಗಿ ಬೇಯಿಸಿ ಬಸಿದಳು. ಬಸಿದ ಸೊಪ್ಪನ್ನು ಅಣ್ಣನ ತಟ್ಟೆಯ ಮೂಲೆಗೆ ಒಂದು ಚಮಚ ಹಾಕಿದಳು. ಕಟ್ಟಿಗೆ ಉಪ್ಪು ಹಾಕದೆ, ಹುಣಸೆ ಹಾಕದೆ, ಬೆಳ್ಳುಳ್ಳಿ ಜೀರಿಗೆ ಮಾತ್ರ ಅರೆದು ಕುದಿಸಿ ಅನ್ನದ ಮೇಲೆ ಬಿಟ್ಟಳು. ಶಿವನಂಜಣ್ಣ ಉಂಡು ಕೈ ನೆಕ್ಕಿಕೊಂಡು, "ಉಪ್ಪಿಲ್ದಿದ್ರೂ ಕಟ್ಟು ಕಟ್ಟೇ ಕಣ್ಲೇ ಕೆಂಪಿ" ಅಂದ. ಅಷ್ಟು ಕೇಳಿದ್ದಕ್ಕೆ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದರಲ್ಲಿ ನನಗೂ ಒಂದು ಬಟ್ಟಲು ಬಂತು. ನಾನು ಉಂಡೆ.

ಯಾರಿಗೆ ಹೊಳೆಯಬೇಕಾಗಿತ್ತು ಹೇಳಿ? ನಮ್ಮಲ್ಲಿ ಬಸಿಯುವುದೇ ಕಟ್ಟಿಗಾಗಿ.

ಅದು ಅವರೆಕಾಯಿಯ ಕಾಲ. ಮಂಜು ಬೀಳುತ್ತಿತ್ತು. ಒಂದು ಬೆಳಗ್ಗೆ ಬಸ್ಸಿಗೆ ಹೊರಡಬೇಕಾದ ಹೊತ್ತಿಗೆ ಅಕ್ಕ ಹಿತ್ತಿಲ ಬಾಗಿಲಿನಿಂದ ಕೂಗಿದಳು. ನಾನು ಓಡಿದೆ. ಅಣ್ಣ ಮಂಚದಿಂದ ಕಾಲು ಇಳಿಸಿದ್ದಾನೆ, ಏಳುವುದಕ್ಕೆ ಆಗುತ್ತಿಲ್ಲ. ಕಾಲಿನಲ್ಲಿ ಜೀವವೇ ಇಲ್ಲ ಅನ್ನುತ್ತಾನೆ. ನಾಲಿಗೆ ತೊದಲುತ್ತಿದೆ. ಕೈ ಹಿಡಿದು ನೋಡಿದರೆ ನಾಡಿ ಎಲ್ಲೋ ಒಂದು ಹೊಡೆತ, ಎಲ್ಲೋ ಇನ್ನೊಂದು. ಬೀದಿಯ ಆಟೋ ಕರೆಸಿ, ನಡುವೆ ಅವನನ್ನು ಕೂರಿಸಿಕೊಂಡು, ಇಬ್ಬರೂ ಎರಡು ಕಡೆಯಿಂದ ಹಿಡಿದು ಕೊಳ್ಳೇಗಾಲಕ್ಕೆ ಹೋದೆವು. ದಾರಿಯುದ್ದಕ್ಕೂ ಅಕ್ಕ ಮಾದಪ್ಪನನ್ನು ಕರೆಯುತ್ತಿದ್ದಳು. ನಾನು ಆಟೋದವನನ್ನು ಬೈಯುತ್ತಿದ್ದೆ.

ಅವರು ಒಳಗೆ ಎಳೆದುಕೊಂಡು ಹೋಗಿ ಸೂಜಿ ಚುಚ್ಚಿ, ಮಿಷನ್ನಿಗೆ ಹಾಕಿ, ಹೇಗೋ ಉಳಿಸಿದರು. ಉಳಿದ ಅಂತ ಗೊತ್ತಾದ ಮೇಲೆ ಸಿಸ್ಟರ್ ಭವ್ಯಶ್ರೀ ಹೊರಗೆ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಏನು ಕೊಟ್ರಿ ಅಮ್ಮ ಅವರಿಗೆ? ಎಳನೀರು ಕುಡಿಸಿದ್ರಾ?"

"ಇಲ್ಲ ತಾಯಿ."

"ಬಾಳೆಹಣ್ಣು? ಕಾಳು?"

"ಮಾದಪ್ನಾಣೆಗೂ ಇಲ್ಲ. ಅನ್ನ ಒಂದೇಯ. ನೆನ್ನೆ ಮೊನ್ನೆ ಒಂದೀಟು ಸೊಪ್ಪು ಕೊಟ್ಟಿದ್ದೆ, ನೀವೇಳ್ದಂಗೆ ಬಸ್ದೇ ಕೊಟ್ಟಿವ್ನಿ."

"ಬಸಿದ ನೀರು?"

"ಆಂ?"

"ಬಸಿದ ನೀರು ಏನು ಮಾಡಿದ್ರಿ ಅಮ್ಮ?"

ಅಕ್ಕ ಅವಳ ಮುಖವನ್ನೇ ನೋಡಿದಳು. ಇದೂ ಒಂದು ಪ್ರಶ್ನೆಯಾ ಅನ್ನುವ ಹಾಗೆ. "ಏನ್ ಮಾಡ್ತಾರೆ ತಾಯಿ, ಸಾರು ಮಾಡ್ದೆ."

ಆ ಹುಡುಗಿ ಗೋಡೆಗೆ ಒರಗಿ ನಿಂತುಬಿಟ್ಟಳು. ಆಮೇಲೆ ಮೆತ್ತಗೆ ಹೇಳಿದಳು. ಸೊಪ್ಪಿನಲ್ಲಿ ಅವರಿಗೆ ಆಗದೇ ಇರುವುದೆಲ್ಲ ಆ ನೀರಿಗೇ ಇಳಿಯುತ್ತದೆ, ಅದನ್ನು ಚೆಲ್ಲಲಿ ಅಂತಲೇ ಬಸಿಯಲು ಹೇಳಿದ್ದು ಎಂದಳು. "ನಮ್ಮನೇಲೂ ಬಸ್ಸಾರು ಮಾಡ್ತೀವಿ ಅಮ್ಮ. ದಿನಾ ತಿಂತೀನಿ. ಚೆಲ್ಲಿ ಅಂತ ನಿಮಗೆ ಒಂದು ಮಾತು ಹೇಳಬೇಕು ಅಂತ ನನಗೇ ಹೊಳೀಲಿಲ್ಲ" ಎಂದು ಅವಳೇ ಅತ್ತುಬಿಟ್ಟಳು.

ಅಕ್ಕ ಅಳಲಿಲ್ಲ. ಬೆಂಚಿನ ಮೇಲೆ ಕೂತು, ತನ್ನ ಎರಡು ಅಂಗೈಗಳನ್ನೂ ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ನೋಡುತ್ತಾ ಇದ್ದಳು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಬೈಯುವುದಕ್ಕೆ ಒಬ್ಬರಾದರೂ ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆ ಹುಡುಗಿಯನ್ನು ಬೈಯಲೇ? ಅವಳ ತಪ್ಪೇನಿತ್ತು. ಅಕ್ಕನನ್ನು ಬೈಯಲೇ? ನಾಲಿಗೆ ಬಿದ್ದುಹೋಗುತ್ತದೆ. "ಬಾಕ್ಕ, ಅಣ್ಣ ಉಳ್ಕೊಂಡನಲ್ಲ, ಅದು ಸಾಕು" ಅಂದೆ. ಅವಳು, "ನಾನೇ ಅಮ್ಮಿ. ನನ್ ಕೈಯಾರ" ಅಂದಳು.

ಮನೆಗೆ ಬಂದ ಮೇಲೆ ಮೊದಲ ಸಲ ಸೊಪ್ಪು ಬೇಯಿಸಿದ ದಿನ ನನ್ನನ್ನು ಕರೆದಳು. ಬಚ್ಚಲ ಹತ್ತಿರ ಕಟ್ಟಿನ ಪಾತ್ರೆ ಹಿಡಿದು ನಿಂತಿದ್ದಾಳೆ. ಹಸಿರು ನೀರು, ಬಿಸಿ ಆವಿ ಬರುತ್ತಿದೆ, ಘಮ್ಮೆನ್ನುತ್ತಿದೆ. ಕೈ ಬಗ್ಗುತ್ತಿಲ್ಲ.

"ನೀ ಚೆಲ್ಲಮ್ಮಿ. ನನ್ ಕೈಲಿ ಆಗಕ್ಕಿಲ್ಲ."

ನಾನು ಪಾತ್ರೆ ತೆಗೆದುಕೊಂಡೆ. ಅಷ್ಟರಲ್ಲಿ ಅವಳೇ ತಿರುಗಿ ಕಸಿದುಕೊಂಡು, ಕಣ್ಣು ಮುಚ್ಚಿ ಬಚ್ಚಲಿಗೆ ಸುರಿದಳು. ಆಮೇಲೆ ಅಲ್ಲೇ ಕುಕ್ಕರಿಸಿ, ಹೆಣದ ಮುಂದೆ ಅಳುವ ಹಾಗೆ ಅತ್ತಳು. ಇನ್ನೊಂದು ನೀರಿನಲ್ಲಿ ಆ ಸೊಪ್ಪನ್ನು ಮತ್ತೆ ಬೇಯಿಸಿ ಮತ್ತೆ ಬಸಿದಳು. ಎರಡನೆಯ ಸಲ ಚೆಲ್ಲುವಾಗ ಅಳಲಿಲ್ಲ. ಆಮೇಲೆ ಅವಳ ತಟ್ಟೆಗೂ ಅದೇ ಸಪ್ಪೆ ಸೊಪ್ಪು, ಅದೇ ಅನ್ನ. ನೀನಾದರೂ ಮುದ್ದೆ ಮಾಡಿಕೊಂಡು ಉಣ್ಣಕ್ಕ ಎಂದು ನಾನು ಬೈದೆ, ಬೇಡಿದೆ, ನಾನೇ ಮಾಡಿ ಕೊಟ್ಟೆ. "ಅವ್ರ ಮುಂದೆ ನಾ ಎಂಗಮ್ಮಿ ನುಂಗ್ಲಿ?" ಎಂದು ಹಿಂದಕ್ಕೆ ಕೊಟ್ಟಳು. ನೋಡನೋಡುತ್ತಾ ಅವಳ ರವಿಕೆಗಳನ್ನೆಲ್ಲ ನಾನು ಒಳಹೊಲಿಗೆ ಹಾಕಿ ಕಿರಿದು ಮಾಡಬೇಕಾಯಿತು.

ಶಿವನಂಜಣ್ಣನಿಗೆ ಮಾತ್ರ ಇದು ಒಗ್ಗಲಿಲ್ಲ. ತಿನ್ನುವ ಸುಖ ಒಂದು ಬಿಟ್ಟು ಬೇರೆ ಸುಖ ಕಾಣದ ಮನುಷ್ಯ. ಸಾಯುವುದು ಹೇಗೂ ಸಾಯುತ್ತೇನೆ, ಉಂಡು ಸಾಯುತ್ತೇನೆ ಎಂದು ತಟ್ಟೆ ನೂಕುತ್ತಿದ್ದ. ಅಕ್ಕ ಪುನಃ ಮುಂದಕ್ಕೆ ತಳ್ಳುತ್ತಿದ್ದಳು. ಅವಳಿಗೆ ಒಂದೇ ಹಟ: ಅವನು ಇರಬೇಕು. ಸಪ್ಪೆಯೋ ಚಪ್ಪೆಯೋ, ಬೈದುಕೊಂಡೋ, ಆ ಮಂಚದ ಮೇಲೆ ಅವನು ಉಸಿರಾಡಿಕೊಂಡು ಇರಬೇಕು.

ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಬಸ್ಸಾರಿನ ಒಗ್ಗರಣೆ ಬಿದ್ದಿತ್ತು. ನಾನು ಜಗಲಿಯಲ್ಲಿ ರವಿಕೆಯ ಹುಕ್ಕಿಗೆ ಕಾಜ ಕಟ್ಟುತ್ತಿದ್ದೆ. ಶಿವನಂಜಣ್ಣ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದು ನನ್ನ ಮಿಷನ್ನಿನ ಪಕ್ಕ ನಿಂತ.

"ಲಕ್ಷ್ಮವ್ವ, ಒಂದು ಸೌಟು ಕಟ್ಟಿನ ಸಾರು ಕೊಡವ್ವ. ಅವ್ಳಿಗೆ ಏಳ್ಬ್ಯಾಡ."

ನನ್ನ ಕೈಯಲ್ಲಿದ್ದ ಸೂಜಿ ನಿಂತಿತು. ಊರಿನಲ್ಲಿ ಎಷ್ಟು ಮನೆ ಕಟ್ಟಿದ ಮನುಷ್ಯ, ಯಾರ ಮನೆಯ ಬಾಗಿಲಿಗೂ ಬಟ್ಟಲು ಹಿಡಿದು ಹೋದವನಲ್ಲ. "ಆಗಲ್ಲ ಅಣ್ಣ. ಬೇರೆ ಏನಾದರೂ ಕೇಳು" ಅಂದೆ.

"ಬ್ಯಾರೆ ಏನ್ ಕೇಳ್ಲಿ? ಇಷ್ಟ್ ವರ್ಸ ಅದ್ನೇ ಉಂಡು ಗೋಡೆ ಎತ್ತಿವ್ನಿ. ಅದು ಎಂಗವ್ವ ವಿಷ ಆಯ್ತು?" ಎಂದು ಕೇಳಿದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ.

ಅಕ್ಕ ಹುಡುಕಿಕೊಂಡು ಬಂದಳು. ಎಲ್ಲ ಅರ್ಥವಾಯಿತು. ಬೈಯಲಿಲ್ಲ. ಅವನ ಮೊಣಕೈ ಹಿಡಿದು, "ಬನ್ನಿ, ಮನೇಲಿ ಅನ್ನ ಆಗದೆ" ಅಂದಳು.

ಅವನು ಕೈ ಕೊಡವಿದ. "ನೀ ಅನ್ನ ಆಕ್ತಿಲ್ಲ ಕಣ್ಲೇ, ನನ್ ಬಾಯ್ಗೆ ಮಣ್ಣು ಆಕ್ತಿದ್ದೀಯೆ!"

ಬೀದಿಯಲ್ಲಿ ಹೋಗುವವರೂ ನಿಂತು ನೋಡಿದರು. ಆಡಬಾರದ ಮಾತು ಅದು. ಅವನಿಗೂ ಆಡಿದ ಮೇಲೆ ಗೊತ್ತಾಯಿತು, ತಲೆ ತಗ್ಗಿಸಿದ. ಅಕ್ಕ ಮತ್ತೆ ಅವನ ಕೈ ಹಿಡಿದಳು. "ಆಯ್ತು, ಮಣ್ಣೇ ಸೈ. ಬನ್ನಿ" ಎಂದು ಕರೆದುಕೊಂಡು ಹೋದಳು. ಆಮೇಲೆ ನಾನು ಬಸ್ಸಾರು ಮಾಡುವುದನ್ನೇ ಬಿಟ್ಟೆ. ಗಾಳಿ ಅವರ ಮನೆಯ ಕಡೆಗೇ ಬೀಸುತ್ತದೆ.

ಅದಾದ ಮೇಲೆ ಅಣ್ಣ ಜಗಳ ಮಾಡಲಿಲ್ಲ. ಹಾಕಿದ್ದನ್ನು ಉಂಡ. ಉಣ್ಣುವಾಗ ಹೆಂಡತಿಯ ಮುಖ ನೋಡಿ ಚೆನ್ನಾಗಿದೆ ಎಂದು ಸುಳ್ಳು ಹೇಳುವುದನ್ನೂ ಕಲಿತ. ಬೇಸಿಗೆ ಕಳೆದು ಮೊದಲ ಮಳೆ ಬಿತ್ತು. ಹೊಲಗಳಲ್ಲಿ ಎಳೆ ಅಣ್ಣೆಸೊಪ್ಪು ಎದ್ದಿತು. ಒಂದು ಸಂಜೆ ಅಕ್ಕ ಸ್ವಲ್ಪ ಚಿವುಟಿಕೊಂಡು ಬಂದು, ಎರಡು ನೀರು ಬಸಿದು ಚೆಲ್ಲಿ, ಒಂದು ಚಮಚ ಹಾಕಿದಳಂತೆ. ಅಣ್ಣ ಎರಡು ತುತ್ತು ಉಂಡು, ಸಾಕು ಎಂದು ಕೈ ತೊಳೆದನಂತೆ. ಬೆಳಗ್ಗೆ ಏಳಲಿಲ್ಲ.

ಸಿಂಧು ಹನೂರಿನಿಂದ ಓಡಿ ಬಂದಳು. ಹೊಲದ ಮೂಲೆಯಲ್ಲಿ ಮಣ್ಣು ಮಾಡಿದೆವು. ಸಿಸ್ಟರ್ ಭವ್ಯಶ್ರೀ ಫೋನ್ ಮಾಡಿದಾಗ ಅಕ್ಕನ ಕಿವಿಗೆ ನಾನೇ ಹಿಡಿದೆ. ಅವರ ಹೃದಯ ಮೊದಲೇ ಸೋತಿತ್ತು ಅಮ್ಮ, ಇದು ಊಟದಿಂದ ಆದದ್ದಲ್ಲ, ನಿಮ್ಮ ಹಾಗೆ ನೋಡಿಕೊಂಡವರನ್ನು ನಾನು ಕಂಡಿಲ್ಲ ಎಂದು ಆ ಹುಡುಗಿ ಎಷ್ಟು ಚೆನ್ನಾಗಿ ಹೇಳಿದಳು! ಅಕ್ಕ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಕೇಳಿದ್ದು ಒಂದೇ ಮಾತು.

"ಎರ್ಡು ಸಲ ಬಸ್ದಿದ್ದೆ ತಾಯಿ. ಮೂರು ಸಲ ಬಸೀಬೇಕಾಗಿತ್ತಾ?"

ಆ ಕಡೆಯಿಂದ ಬಂದ ಉತ್ತರ ಅವಳು ಕೇಳಲಿಲ್ಲ. ನಾನು ಹಿಡಿದಿದ್ದ ಫೋನನ್ನು ಕಿವಿಯಿಂದ ಸರಿಸಿ ಎದ್ದು ಹೋದಳು.

ಹಾಲುತುಪ್ಪದ ದಿನ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಮಣ್ಣು ಮಾಡಿದ ಗುಡ್ಡೆಯ ಮೇಲೆ ಎಡೆ ಇಟ್ಟು, ಹಾಲುತುಪ್ಪ ಬಿಟ್ಟು ಬರುವುದು ನಮ್ಮ ಪದ್ಧತಿ. ಬೆಳಗ್ಗೆಯೇ ಸಿಂಧು ಬೆರಕೆಸೊಪ್ಪು ಕಿತ್ತು ತಂದಿದ್ದಳು. "ಲಕ್ಷ್ಮತ್ತೆ, ಅಪ್ಪ ಆಸೆ ಮಡಿಕಂಡೇ ಓದ್ರು. ಇವತ್ತಾದ್ರೂ ಒಟ್ಟೆ ತುಂಬ ಉಣ್ಲಿ" ಅಂದಳು. ಇಬ್ಬರೂ ಸೇರಿ ಒಲೆ ಹಚ್ಚಿದೆವು. ಅಟ್ಟದಿಂದ ಮುದ್ದೆ ಕೋಲು ಇಳಿಸಿದೆವು. ಅವರೆಕಾಳು ಹಾಕಿ ಸೊಪ್ಪು ಬೇಯಿಸಿ ಬಸಿದು, ನಾನು ಖಾರ ಅರೆದೆ. ಉಪ್ಪು, ಹುಣಸೆ ಎಲ್ಲ ಹದವಾಗಿ ಬಿತ್ತು. ಕಟ್ಟು ಮಂದವಾಗಿ ಕುದಿಯಿತು. ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಾಗ ಎಷ್ಟೋ ತಿಂಗಳ ಮೇಲೆ ಆ ಮನೆ ಮನೆಯ ಹಾಗೆ ಘಮಘಮ ಎಂದಿತು.

ಒಳಮನೆಯಲ್ಲಿ ಮಲಗಿದ್ದ ಅಕ್ಕ ಎದ್ದು ಬಂದಳು. ಸೌಟಿನಿಂದ ಸಾರು ಎತ್ತಿ ನೋಡಿದಳು.

"ಕಟ್ಟು ಚೆಲ್ಲಿಲ್ವಾ?"

"ಇಲ್ಲ ಅವ್ವ. ಅಪ್ಪಂಗೆ..."

"ಅವ್ರಿಗೆ ಆಗಕ್ಕಿಲ್ಲ ಅದು."

ಅಷ್ಟೇ ಅಂದದ್ದು. ಬರಿಗೈಯಲ್ಲಿ ಬಿಸಿ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು. ಸಿಂಧು, "ಅವ್ವಾ, ಅಪ್ಪ ಓದ್ರಲ್ಲವ್ವ, ಇನ್ನೇನವ್ವ ಆಯ್ತದೆ" ಎಂದು ಅವಳ ತೋಳು ಹಿಡಿದು ಜಗ್ಗಿದಳು. ಅಕ್ಕ ಕೇಳಿಸಿಕೊಳ್ಳಲಿಲ್ಲ. ಬಸಿದಿಟ್ಟಿದ್ದ ಸೊಪ್ಪಿನಿಂದ ಕಾಳುಗಳನ್ನೆಲ್ಲ ಒಂದೊಂದಾಗಿ ಆರಿಸಿ ತೆಗೆದಳು. ಬೇರೆ ನೀರಿಟ್ಟು ಮತ್ತೆ ಬೇಯಿಸಿದಳು, ಬಸಿದಳು, ಚೆಲ್ಲಿದಳು. ಮತ್ತೊಂದು ಸಲ ನೀರಿಟ್ಟಳು. ಹೊತ್ತು ಏರುತ್ತಿತ್ತು, ಗಂಡಸರು ಹೊರಗೆ ಕಾಯುತ್ತಿದ್ದರು. ಅವಳನ್ನು ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಗುಡ್ಡೆಯ ಮೇಲೆ ಬಾಳೆಲೆ ಹಾಸಿ ದೊಡ್ಡಸಿದ್ದಯ್ಯ, ಅಣ್ಣನ ದೊಡ್ಡಪ್ಪನ ಮಗ, ಎಡೆ ಜೋಡಿಸುತ್ತಿದ್ದ. ಅವನು ಇಟ್ಟ ಬಾಳೆಹಣ್ಣನ್ನು ಅಕ್ಕ ತೆಗೆದಳು. ಕೆತ್ತಿಟ್ಟಿದ್ದ ಎಳನೀರನ್ನು ಪಕ್ಕಕ್ಕೆ ಸರಿಸಿದಳು. "ಎಡೆಗೆ ಅಣ್ಣು ಕಾಯಿ ಇಲ್ದಿದ್ರೆ ಎಂಗವ್ವ?" ಎಂದು ಅವನು ಬಾಯಿ ತೆರೆದ. ನಾನು ಕೈಮುಗಿದು ಸುಮ್ಮನಿರು ಅಂದೆ.

ಅಕ್ಕ ಎಲೆಯ ತುದಿಗೆ ಬಿಳಿ ಅನ್ನ ಬಡಿಸಿದಳು. ಮೂಲೆಗೆ ಒಂದು ಚಮಚ ಸೊಪ್ಪು ಹಾಕಿದಳು. ಗೆರೆ ಎಳೆದಿದ್ದ ಲೋಟದಲ್ಲಿ ಗೆರೆಯವರೆಗೆ ನೀರು ಇಟ್ಟಳು. ಹಸಿ ಮಣ್ಣಿನ ಪಕ್ಕ ಕೂತು, ಅದರ ಮೇಲೆ ಕೈಯಿಟ್ಟು, ಮನೆಯಲ್ಲಿ ಊಟಕ್ಕೆ ಎಬ್ಬಿಸುವ ದನಿಯಲ್ಲೇ ಹೇಳಿದಳು:

"ಮೂರು ಸಲ ಬಸ್ದಿವ್ನಿ ಕಣ್ರಿ. ಉಪ್ಪೂ ಆಕಿಲ್ಲ. ಎದ್ರಬ್ಯಾಡಿ, ಉಣ್ಣಿ."